ಕೈ ಬೀಸಿದರೆ ಆಟ

ಮಗಳು ಅಮೆರಿಕದಿಂದ ಬರುವಾಗ ತಂದಿದ್ದ ರಟ್ಟಿನ ಪೆಟ್ಟಿಗೆಯೊಂದು ಎರಡು ವರ್ಷ ನಮ್ಮ ಅಟ್ಟದ ಮೇಲೇ ಇತ್ತು. ಮೊನ್ನೆ ರಜೆಯಲ್ಲಿ ಮೊಮ್ಮಗ ಅದನ್ನು ಕೆಳಗಿಳಿಸಿದ. ಒಳಗಿದ್ದದ್ದು ಹಳೆಯ ವೀಡಿಯೊ ಗೇಮ್ ಸಾಮಾನು. ಬಿಳಿ ರಿಮೋಟ್ ಒಂದು, ಕಪ್ಪು ಪಟ್ಟಿಯಂಥ ಕ್ಯಾಮೆರಾ ಒಂದು. ಮೈ ಆಡಿಸಿ ಆಡುವ ಈ ಎರಡರಲ್ಲಿ ಯಾವುದು ನಿಜವಾಗಿ ಹೊಸದು? ಅವತ್ತಿನಿಂದ ನಮ್ಮಿಬ್ಬರಿಗೂ ಇದೇ ಜಗಳ.

ನನ್ನ ಪಕ್ಷ ಬಿಳಿ ರಿಮೋಟಿನದು. 2006ರ ನವೆಂಬರ್‌ನಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ವೀ’ ಎಂಬ ಆಟದ ಯಂತ್ರದ ಜೊತೆ ಇದನ್ನು ತಂದಿತು. ಅಲ್ಲಿಯವರೆಗೆ ವೀಡಿಯೊ ಗೇಮ್ ಎಂದರೆ ಬಹುಮಟ್ಟಿಗೆ ಹೆಬ್ಬೆರಳುಗಳ ಕೆಲಸ. (1989ರಲ್ಲೇ ‘ಪವರ್ ಗ್ಲೌವ್’ ಎಂಬ ಕೈಗವಸು ಬಂದಿತ್ತು. ಅದು ಬೇಗನೆ ಮೂಲೆ ಸೇರಿತು.) ವೀ ರಿಮೋಟನ್ನು ಟೆನಿಸ್ ಬ್ಯಾಟಿನಂತೆ ಬೀಸಿದರೆ ಟಿವಿಯಲ್ಲಿರುವ ಆಟಗಾರನೂ ಬೀಸುತ್ತಾನೆ.

ಹೇಗೆ ಗೊತ್ತೇ ಮಕ್ಕಳೇ? ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ಹಾಗೆ. ರಿಮೋಟಿನೊಳಗಿನ ಚಿಪ್‌ನಲ್ಲಿ ಸಿಲಿಕಾನಿನ ಅತಿ ಸಣ್ಣ ತುಂಡೊಂದು ಸ್ಪ್ರಿಂಗಿನಂಥ ಎಳೆಗಳ ಮೇಲೆ ನಿಂತಿದೆ. ಕೈ ಬೀಸಿದರೆ ಅದು ವಾಲುತ್ತದೆ. ಎಷ್ಟು ವಾಲಿತು ಎಂಬುದೇ ಬೀಸಿನ ಲೆಕ್ಕ. ಇದಕ್ಕೆ ಆಕ್ಸಿಲರೋಮೀಟರ್ ಎಂದು ಹೆಸರು. ಇದೇನೂ ಆಗ ಹೊಸ ವಸ್ತುವಲ್ಲ. ಕಾರಿನ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅದಕ್ಕೂ ಮುಂಚಿನಿಂದಲೇ ಬಳಕೆಯಲ್ಲಿತ್ತು.

ರಿಮೋಟಿನ ಮೂತಿಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇದೆ. ಟಿವಿಯ ಬಳಿ ಇಡುವ ಪಟ್ಟಿಗೆ ‘ಸೆನ್ಸರ್ ಬಾರ್’ ಎಂಬ ದೊಡ್ಡ ಹೆಸರು, ಆದರೆ ಅದು ಏನನ್ನೂ ಗ್ರಹಿಸುವುದಿಲ್ಲ. ಅದರ ಎರಡು ತುದಿಗಳಲ್ಲಿ ನಮ್ಮ ಕಣ್ಣಿಗೆ ಕಾಣದ ಅವಕೆಂಪು ದೀಪಗಳಿವೆ, ಅಷ್ಟೇ. ಅವುಗಳನ್ನು ನೋಡಿ ರಿಮೋಟು ತಾನು ಎತ್ತ ಮುಖ ಮಾಡಿದ್ದೇನೆಂದು ತಿಳಿಯುತ್ತದೆ. ಪಟ್ಟಿಯ ಬದಲು ಎರಡು ಮೇಣದಬತ್ತಿ ಹಚ್ಚಿಟ್ಟರೂ ಕೆಲಸ ನಡೆಯುತ್ತದೆ! (ಟಿವಿಯ ಹತ್ತಿರ ಬೆಂಕಿ ಬೇಡ, ನನ್ನ ಮಾತು ನಂಬಿ ಸಾಕು.)

“ಅದು ಮೋಸ ತಾತ,” ಅಂದ ಮೊಮ್ಮಗ. “ಸೋಫಾ ಮೇಲೆ ಬಿದ್ಕೊಂಡು ಮಣಿಕಟ್ಟು ಅಲ್ಲಾಡಿಸಿದ್ರೂ ಟೆನಿಸ್ ಆಡಬಹುದು. ನಾನೇ ಆಡ್ದೆ.”

ಅವನ ಮಾತು ನಿಜ. 2009ರಲ್ಲಿ ನಿಂಟೆಂಡೊ ರಿಮೋಟಿನ ಬಾಲಕ್ಕೆ ಸಿಕ್ಕಿಸುವ ಇನ್ನೊಂದು ತುಣುಕು ತಂದಿತು. ಕೈ ಎಷ್ಟು ತಿರುಗಿತು ಎಂಬುದನ್ನೂ ಅಳೆಯುವ ಗೈರೊಸ್ಕೋಪ್ ಅದರಲ್ಲಿತ್ತು.

ಮೊಮ್ಮಗನ ಪಕ್ಷ ಕಪ್ಪು ಪಟ್ಟಿಯದು: ಮೈಕ್ರೋಸಾಫ್ಟ್ 2010ರ ನವೆಂಬರ್‌ನಲ್ಲಿ ತಂದ ‘ಕಿನೆಕ್ಟ್’. ಇದಕ್ಕೆ ಕೈಯಲ್ಲಿ ಏನೂ ಹಿಡಿಯಬೇಕಿಲ್ಲ. ಕೋಣೆಯ ತುಂಬ ಅದು ಕಣ್ಣಿಗೆ ಕಾಣದ ಸಾವಿರಾರು ಬೆಳಕಿನ ಚುಕ್ಕಿ ಇಡುತ್ತದೆ. ಅಜ್ಜಿಯ ಚುಕ್ಕಿ ರಂಗೋಲಿ ಎನ್ನಿ. ಎದುರಿಗೆ ನೀವು ನಿಂತರೆ ನಿಮ್ಮ ಮೈಮೇಲೆ ಬಿದ್ದ ಚುಕ್ಕಿಗಳು ಜಾಗ ಬಿಟ್ಟು ಸರಿಯುತ್ತವೆ. ಎಷ್ಟು ಸರಿದವು ಎಂಬುದರಿಂದ ದೂರ ತಿಳಿಯುತ್ತದೆ, ಆಮೇಲೆ ತಲೆ, ಮೊಣಕೈ, ಮಂಡಿ ಹೀಗೆ ಇಪ್ಪತ್ತು ಜಾಗಗಳನ್ನು ಯಂತ್ರ ಗುರುತು ಹಿಡಿಯುತ್ತದೆ. ಮೊದಲ 60 ದಿನಗಳಲ್ಲೇ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು. ಬುದ್ಧಿವಂತಿಕೆಯ ಲೆಕ್ಕದಲ್ಲಿ ಇದೇ ದೊಡ್ಡದೆಂದು ನಾನೂ ಒಪ್ಪುತ್ತೇನೆ.

ಅದೇ ವರ್ಷ ಸೋನಿ ಕಂಪನಿಯ ‘ಮೂವ್’ ಕೂಡ ಬಂದಿತ್ತು. ತುದಿಯಲ್ಲಿ ಹೊಳೆಯುವ ಚೆಂಡಿರುವ ಕೋಲು ಅದು. ಕ್ಯಾಮೆರಾದಲ್ಲಿ ಚೆಂಡು ದೊಡ್ಡದಾಗಿ ಕಂಡರೆ ಹತ್ತಿರ, ಚಿಕ್ಕದಾದರೆ ದೂರ. ಲೆಕ್ಕವೇನೋ ಚೊಕ್ಕ. ಆದರೆ ಚಿತ್ರ ನೋಡಿದ ಮೊಮ್ಮಗ “ವೀ ರಿಮೋಟಿಗೆ ಐಸ್‌ಕ್ರೀಂ ಇಟ್ಟಿದ್ದಾರೆ” ಎಂದು ಅದನ್ನು ಅಲ್ಲಿಗೇ ಬಿಟ್ಟ.

ಹಾಗಾದರೆ ನನ್ನ ಹಟವೇಕೆ? ಅವನ ಅಜ್ಜಿಯಿಂದಾಗಿ. ಅವಳಿಗೆ ಮಂಡಿನೋವು, ಬೆರಳ ಗಂಟುಗಳೂ ಬಿಗಿ. ಕಿನೆಕ್ಟ್‌ಗೆ ಆರು ಅಡಿ ದೂರದಲ್ಲಿ, ಇಡೀ ಮೈ ಕಾಣುವಂತೆ ನಿಲ್ಲಬೇಕು. ಕೂತವರಿಗಾಗಿ ಬೇರೆ ವಿಧಾನ ಬಂದದ್ದು 2012ರಲ್ಲಿ, ಅದೂ ಕಂಪ್ಯೂಟರಿಗೆ ಜೋಡಿಸುವ ಕಿನೆಕ್ಟ್‌ಗೆ. ಬಿಳಿ ರಿಮೋಟಿನ ಬೌಲಿಂಗ್ ಆಟಕ್ಕೆ ಕುರ್ಚಿ ಸಾಕು. ಒಂದು ಗುಂಡಿ ಹಿಡಿದು, ಕೈ ಬೀಸಿ, ಬಿಟ್ಟರಾಯಿತು. ವೃದ್ಧಾಶ್ರಮಗಳಲ್ಲಿ ಹಿರಿಯರು ಈ ಆಟದ ಪಂದ್ಯಗಳನ್ನೇ ನಡೆಸಿದ್ದಾರೆ. ಹತ್ತು ಕೋಟಿಗೂ ಹೆಚ್ಚು ವೀ ಮಾರಾಟವಾದದ್ದಕ್ಕೆ, ಅದುವರೆಗೆ ಆಟದಿಂದ ಹೊರಗಿದ್ದ ಇಂಥವರೂ ಒಂದು ಕಾರಣ. ಹಳೆಯ ಅಗ್ಗದ ಚಿಪ್ಪನ್ನು ಯಾರ ಕೈಗೆ ಕೊಡಬೇಕೆಂದು ಹೊಳೆದದ್ದಿದೆಯಲ್ಲ, ನನಗೆ ಹೊಸತನ ಕಂಡದ್ದು ಅಲ್ಲಿ.

ಇದನ್ನು ಹೇಳುವಷ್ಟರಲ್ಲಿ ಅಜ್ಜಿ ಹತ್ತಕ್ಕೆ ಹತ್ತೂ ಬೀಳಿಸಿದಳು. “ಇದು ಲೆಕ್ಕಕ್ಕಿಲ್ಲ,” ಅಂದ ಮೊಮ್ಮಗ. “ಅಜ್ಜಿ, ನೀನು ಎದ್ದು ನಿಂತು ಆಡಬೇಕು.”

“ನೀನು ಸೋಫಾದಿಂದ ಏಳು, ಆಮೇಲೆ ನಾನು ಏಳ್ತೀನಿ,” ಅಂದಳು ಅವಳು.