ಕನ್ನಡಿಯಿಲ್ಲದ ಸವಾರಿ

ದೀಪವಿಲ್ಲದ ಸೈಕಲ್ ಸವಾರನನ್ನು ಪೊಲೀಸರು ತಡೆದು ನಿಲ್ಲಿಸುತ್ತಿದ್ದ ಕಾಲವೊಂದಿತ್ತು. ಈಗ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲೇ ಆಗಲಿ, ಪಟ್ಟಣದಲ್ಲೇ ಆಗಲಿ, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದರಲ್ಲಿ ಫೋನು ಹಿಡಿದು ಸಾಗುವವನನ್ನು ಕೇಳುವವರಾರು? 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಾದ ತಿದ್ದುಪಡಿಯು ಫೋನು ಹಿಡಿದು ವಾಹನ ನಡೆಸುವುದನ್ನು ಅಪಾಯಕರ ಚಾಲನೆಯೆಂದಿತು. ತುಳಿದೋಡಿಸುವ ಸೈಕಲ್ಲು ಮಾತ್ರ ಅದರ ಕಣ್ಣಿಗೆ ಬೀಳಲಿಲ್ಲ. ನೆದರ್ಲೆಂಡ್ಸ್ ಅದೇ ವರ್ಷ ಸೈಕಲ್ ಸವಾರರಿಗೂ ಇದನ್ನು ನಿಷೇಧಿಸಿತು. ಜಪಾನಿನಲ್ಲಿ 2024ರಿಂದ ಆರು ತಿಂಗಳವರೆಗೆ ಸೆರೆವಾಸವೂ ಉಂಟು! ಅಷ್ಟು ಕಾಠಿನ್ಯ ನಮಗೆ ಬೇಡ. ಚಿಕ್ಕದೊಂದು ದಂಡ ಸಾಕು. ಸೈಕಲ್ಲಿಗೆ ಸಾಮಾನ್ಯವಾಗಿ ಕನ್ನಡಿಯಿರುವುದಿಲ್ಲ. ಹಿಂದಿನಿಂದ ಬರುವ ಲಾರಿಯನ್ನು ಅರಿಯುವುದು ಸವಾರನ ಕಿವಿಯೊಂದೇ. ಶಾಲೆಗೆ ಹೊರಟ ಹುಡುಗನು ಅದನ್ನೂ ಫೋನಿಗೆ ಒಪ್ಪಿಸಿದರೆ ಅವನಿಗೆ ಉಳಿಯುವ ಆಸರೆ ಯಾವುದು? ಕರೆ ಬಂದರೆ ಇಳಿದು, ರಸ್ತೆಯಂಚಿಗೆ ಸರಿದು ಮಾತನಾಡಲಿ.