ಪಾಪ್ ಬಿಟ್ಟು ಐಮ್ಯಾಪ್‌ಗೆ: ನನ್ನದೊಂದು ತಕರಾರು



ಕಳೆದ ಶ್ರಾವಣದಲ್ಲಿ ವರಮಹಾಲಕ್ಷ್ಮಿ ವ್ರತಕ್ಕೆಂದು ಗೊರವನಹಳ್ಳಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ದೇವಿಯ ದರ್ಶನ ಮುಗಿಸಿ ನಮ್ಮ ಮನೆಗೂ ಬಂದ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವವನು. ನನ್ನ ಕಂಪ್ಯೂಟರಿಗೆ ಮಿಂಚಂಚೆ ಇನ್ನೂ ಪಾಪ್ ಪದ್ಧತಿಯಲ್ಲಿಯೇ ಬರುತ್ತಿರುವುದನ್ನು ನೋಡಿ ನಕ್ಕುಬಿಟ್ಟ. “ಐಮ್ಯಾಪ್ ಮಾಡ್ಕೊಡ್ತೀನಿ ಸಾರ್, ಆಮೇಲೆ ಎಲ್ಲಾ ಸೇಫ್” ಎಂದ. ಆ ಕೊನೆಯ ಮಾತಿನ ಬಗ್ಗೆಯೇ ನನ್ನ ತಕರಾರು.

ಅವನ ಪಕ್ಷದ ನ್ಯಾಯವನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ನಾನು ಮಿಂಚಂಚೆ ಕಲಿತದ್ದು 2006ರಲ್ಲಿ, ಡಯಲ್-ಅಪ್ ಕಾಲದಲ್ಲಿ. ಸಂಪರ್ಕವಿದ್ದಷ್ಟು ಹೊತ್ತೂ ದೂರವಾಣಿಯ ಬಿಲ್ಲು ಏರುತ್ತಿತ್ತು. ಬಂದ ಪತ್ರಗಳನ್ನು ಬೇಗ ಇಳಿಸಿಕೊಂಡು, ಸಂಪರ್ಕ ಕಡಿದು, ಸಾವಕಾಶವಾಗಿ ಓದುವುದೇ ರೂಢಿ. ಪಾಪ್ ಹುಟ್ಟಿದ್ದೇ ಅಂಥ ಬಳಕೆಗೆ. ಅಂಚೆಯವನು ಕಾಗದವನ್ನು ಕೈಗಿತ್ತು ಹೋದಂತೆ ಅದು ಪತ್ರವನ್ನು ಮನೆಗೆ ತಲುಪಿಸಿ, ಸರ್ವರಿನಿಂದ ಅಳಿಸಿಬಿಡುತ್ತಿತ್ತು. ಅಲ್ಲಿಯೂ ಒಂದು ಪ್ರತಿ ಇರಲಿ ಎಂದು ಸೂಚಿಸುವ ಅವಕಾಶವಿತ್ತು. ಅದು ನನಗೆ ತಿಳಿದಿರಲಿಲ್ಲ. ಐಮ್ಯಾಪ್ ಬೇರೆ ಜಾತಿಯದು. 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬಾತ ರೂಪಿಸಿದ ಈ ಪದ್ಧತಿಯಲ್ಲಿ ಪತ್ರ ಸರ್ವರಿನಲ್ಲಿಯೇ ಇರುತ್ತದೆ. ಮೇಜಿನ ಕಂಪ್ಯೂಟರು, ಕೈಯ ಫೋನು ಎರಡೂ ಅದನ್ನೇ ತೋರಿಸುತ್ತವೆ. ಜಿಮೇಲ್ 2007ರಿಂದಲೇ ಇದನ್ನು ಕೊಡುತ್ತಿದೆ. ಫೋನಿನಲ್ಲಿ ಬರೆದ ಉತ್ತರ ಕಂಪ್ಯೂಟರಿನಲ್ಲಿ ಕಾಣದೆ ನಾನು ಎಷ್ಟೋ ಸಲ ಪೇಚಾಡಿದ್ದೇನೆ. ಆದುದರಿಂದ ಬದಲಾಯಿಸಲು ಒಪ್ಪಿದೆ.

ಶಿಷ್ಯ ಹೊಸ ಖಾತೆಯನ್ನು ಐದು ನಿಮಿಷದಲ್ಲಿ ಸೇರಿಸಿದ. ಅನಂತರ ಥಂಡರ್‌ಬರ್ಡಿನಲ್ಲಿದ್ದ ಹಳೆಯ ಪಾಪ್ ಖಾತೆಯನ್ನು ತೆಗೆಯಲು ಹೊರಟ. ಸಂದೇಶಗಳನ್ನೂ ತೆಗೆಯಬೇಕೇ ಎಂದು ಕೇಳುವ ಸಣ್ಣ ಚೌಕವೊಂದು ಬಂತು. “ಎಲ್ಲಾ ಸರ್ವರಲ್ಲೇ ಇರುತ್ತಲ್ಲ ಸಾರ್” ಎನ್ನುತ್ತ ಅದಕ್ಕೂ ಗುರುತು ಹಾಕಿದ. ನಾನು ಅವನ ಕೈ ಹಿಡಿದೆ.

ಏಕೆಂದರೆ ಆ ಖಾತೆಯಲ್ಲಿ ನನ್ನ ತಮ್ಮನ ಪತ್ರಗಳಿದ್ದವು. ಮಸ್ಕತ್ತಿನಲ್ಲಿದ್ದ ಅವನು 2006ರಿಂದ ತಾನು ತೀರಿಕೊಂಡ 2011ರವರೆಗೆ ಹೆಚ್ಚುಕಡಿಮೆ ಪ್ರತಿ ಶುಕ್ರವಾರವೂ ಕನ್ನಡದಲ್ಲಿ ಬರೆಯುತ್ತಿದ್ದ. ಅವನು ಬರೆಯುತ್ತಿದ್ದದ್ದು ಕೆಲಸದ ಕಡೆಯವರು ಕೊಟ್ಟ ಖಾತೆಯಿಂದ; ಅದು ಅವನೊಂದಿಗೇ ಮುಚ್ಚಿತು. ನನ್ನ ಪಾಲಿನ ಪ್ರತಿಯನ್ನು ಪಾಪ್ ಅಂದೇ ಸರ್ವರಿನಿಂದ ಎತ್ತಿಕೊಂಡಿತ್ತು. ಲೋಕದಲ್ಲಿ ಆ ಪತ್ರಗಳು ಉಳಿದಿದ್ದದ್ದು ಈ ಒಂದೇ ಪೆಟ್ಟಿಗೆಯಲ್ಲಿ. ಶಿಷ್ಯ ಬೆವರಿದ. ಹುಡುಗ ಒಳ್ಳೆಯವನು, ಬುದ್ಧಿವಂತ. ಆದರೆ ಖಾತೆ ತೆಗೆಯುವ ಮುನ್ನ ಒಳಗೇನಿದೆಯೆಂದು ಒಂದು ಮಾತು ಕೇಳಬೇಕೆಂದು ಅವನಿಗೆ ತೋಚಲಿಲ್ಲ.

ಬಳಿಕ ಹಳೆಯ ಪತ್ರಗಳನ್ನೆಲ್ಲ ಹೊಸ ಖಾತೆಗೆ ನಕಲು ಮಾಡಿದೆವು. ಸ್ಥಳಾಂತರವಲ್ಲ, ನಕಲು; ಎರಡೂ ಕಡೆಯ ಎಣಿಕೆ ಸರಿಹೋಗುವವರೆಗೆ ಹಳೆಯದನ್ನು ಮುಟ್ಟಕೂಡದೆಂದು ಹಟ ಹಿಡಿದೆ. ಜಾತ್ರೆಯಂತೆ ಜನ ಸೇರಿದ್ದ ಆ ದಿನ ಸಂಪರ್ಕವೇ ಸಿಗಲೊಲ್ಲದು; ಎರಡು ರಾತ್ರಿ ಹಿಡಿಯಿತು. ಈಗ ಸುರಕ್ಷಿತವೇ? ಕೇಳಿ.

ದಸರಾ ರಜೆಗೆ ಬಂದ ಮೊಮ್ಮಗಳು ನನ್ನ ಫೋನಿನಲ್ಲಿ ಜಾಗ ತುಂಬಿದೆಯೆಂದು ಹಳೆಯ ಪತ್ರಗಳನ್ನು ಅಳಿಸಿದಳು. ಫೋನಿನಿಂದ ಮಾತ್ರ ಹೋಗುತ್ತದೆಂದು ಅವಳ ಎಣಿಕೆ. ಐಮ್ಯಾಪ್‌ನಲ್ಲಿ ಹಾಗಿಲ್ಲ, ಒಂದೆಡೆ ಅಳಿಸಿದ್ದು ಎಲ್ಲೆಡೆಯೂ ಅಳಿಯುತ್ತದೆ. ಕಂಪ್ಯೂಟರಿನಲ್ಲಿ ಅದು ಇಟ್ಟುಕೊಳ್ಳುವ ಪ್ರತಿಯೂ ಸರ್ವರಿನ ಪ್ರತಿಬಿಂಬವೇ. ಜಿಮೇಲಿನ ಕಸದ ಬುಟ್ಟಿಯಲ್ಲಿ 30 ದಿನ ಉಳಿಯುವುದರಿಂದ, ಒಂಬತ್ತನೆಯ ದಿನ ಕಂಡುಕೊಂಡ ನಾನು ಮರಳಿ ಪಡೆದೆ. ಮಗುವನ್ನು ಗದರಲಿಲ್ಲ. “ಸೇಫ್” ಎಂದವನಿಗೆ ಮಾತ್ರ ಫೋನು ಮಾಡಿದೆ.

ಇನ್ನೊಂದು ಸಂಗತಿ. ಎರಡು ವರ್ಷ ಬಳಸದ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಉಚಿತವಾಗಿ ಜಾಗ ಕೊಟ್ಟವರು ನಿಯಮ ಮಾಡುವುದು ತಪ್ಪೆನ್ನಲಾರೆ. ಆದರೆ ನನ್ನ ಕಾಲಾನಂತರ ಆ ಖಾತೆಯನ್ನು ತೆರೆಯುವವರಾರು? ಸರ್ವರಿನಲ್ಲಿದೆಯೆಂದು ನಿಶ್ಚಿಂತರಾಗಿರುವ ನಿಮ್ಮಲ್ಲಿ ಎಷ್ಟು ಮಂದಿ ತಂದೆಯವರ ಪಾಸ್‌ವರ್ಡ್ ಬಲ್ಲಿರಿ?

ತಮ್ಮನ ಪತ್ರಗಳಲ್ಲಿ ಮತ್ತೊಂದು ತೊಡಕೂ ಇದೆ. ಅವನು ಬರೆದದ್ದು ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ. ಆ ಫಾಂಟ್ ಇರುವ ನನ್ನ ಕಂಪ್ಯೂಟರಿನಲ್ಲಿ ಅದು ಕನ್ನಡ. ಫೋನಿನಲ್ಲಿ ತೆರೆದರೆ ಕೊಂಬು ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ಕಿಚಡಿ. ನುಡಿಯಲ್ಲಿ ಬರೆದಿಟ್ಟ ಹಳೆಯ ಕಡತಗಳ ಗತಿಯೂ ಇದೇ. ಐಮ್ಯಾಪ್ ಆ ಕಿಚಡಿಯನ್ನು ಎಲ್ಲ ಯಂತ್ರಗಳಿಗೂ ನಿಷ್ಠೆಯಿಂದ ತಲುಪಿಸುತ್ತದೆ, ಅಷ್ಟೆ.

ಹಾಗೆಂದು ನಾನು ಪಾಪ್‌ಗೆ ಹಿಂದಿರುಗಿಲ್ಲ. ದಿನದ ಅಂಚೆ ಐಮ್ಯಾಪ್‌ನಲ್ಲಿದೆ. ಉಳಿಯಬೇಕಾದ ಪತ್ರಗಳ ಪ್ರತಿಗಳನ್ನು ಥಂಡರ್‌ಬರ್ಡಿನಲ್ಲಿ ಯಾವ ಸರ್ವರಿಗೂ ಸಂಬಂಧವಿಲ್ಲದ ಸ್ಥಳೀಯ ಕಡತಕೋಶಕ್ಕೆ ಹಾಕಿ, ತಿಂಗಳಿಗೊಮ್ಮೆ ಪೆನ್ ಡ್ರೈವಿಗೂ ತೆಗೆದಿಡುತ್ತೇನೆ. ತಮ್ಮನ ಪತ್ರಗಳನ್ನು ಒಂದೊಂದಾಗಿ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳ ದೋಷ ತಿದ್ದುತ್ತಿದ್ದೇನೆ. 2008ರ ದೀಪಾವಳಿಯವರೆಗೆ ಬಂದಿದ್ದೇನೆ. ಊರಿಗೆ ಬರುವವರು ದಯವಿಟ್ಟು ಒಂದು ಖಾಲಿ ಪೆನ್ ಡ್ರೈವ್ ತನ್ನಿ. ಒಂದು ಪ್ರತಿ ನಿಮ್ಮ ಮನೆಯಲ್ಲಿಯೂ ಇರಲಿ.