ಅಂಕ ಎಣಿಸುವ ಕುರ್ಚಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಲೆ ಕಾಲೇಜುಗಳಲ್ಲಿ ಟೇಬಲ್ ಟೆನ್ನಿಸ್ ಕಲಿತ ಹುಡುಗ ಹುಡುಗಿಯರು ಓದು ಮುಗಿದ ಮರುವರ್ಷವೇ ಬ್ಯಾಟನ್ನು ಅಟ್ಟಕ್ಕೆ ಸೇರಿಸಿಬಿಡುವುದಕ್ಕೆ ಅವರ ಆಸಕ್ತಿ ಬತ್ತಿದ್ದು ಕಾರಣವಲ್ಲ. ಶಾಲಾ ಕ್ರೀಡಾಕೂಟ, ದಸರಾ ಕ್ರೀಡಾಕೂಟಗಳಂತಹ ಒಂದೆರಡು ದಿನಗಳ ಸ್ಪರ್ಧೆಯನ್ನು ಬಿಟ್ಟರೆ, ವಾರವಾರವೂ ಆಡಿ, ಸೋತು, ಮರಳಿ ಆಡುವಂತಹ ಏರ್ಪಾಡು ಅವರಿಗೆ ಎಟುಕುವಷ್ಟು ಹತ್ತಿರದಲ್ಲಿಲ್ಲದಿರುವುದೇ ಕಾರಣ. ಬೆಂಗಳೂರಿನ ಮಕ್ಕಳಿಗೆ ಮಲ್ಲೇಶ್ವರಂ ಅಸೋಸಿಯೇಷನ್, ಕೆನರಾ ಯೂನಿಯನ್ನುಗಳಂತಹ ಸಂಸ್ಥೆಗಳ ಆಶ್ರಯವುಂಟು. ಅದೇ ನಗರದ ಅರ್ಚನಾ ಕಾಮತ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್ ಮುಟ್ಟಿದ ಭಾರತದ ಮಹಿಳಾ ತಂಡದಲ್ಲಿದ್ದು, ಜರ್ಮನಿಯ ವಿರುದ್ಧ ನಮಗೆ ದಕ್ಕಿದ ಏಕೈಕ ಗೆಲುವನ್ನು ತಂದುಕೊಟ್ಟರು. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಅಷ್ಟು ದೂರದ ಗುರಿ ಸದ್ಯಕ್ಕೆ ಬೇಡ. ರಾವಂದೂರಿನಂತಹ ಹೋಬಳಿ ಕೇಂದ್ರವೂ ಸರಿಸಮನಾಗಿ ಪಾಲ್ಗೊಳ್ಳಬಲ್ಲ ಒಂದು ಹವ್ಯಾಸಿ ಲೀಗ್ ಅವಶ್ಯವಾಗಿ ಬೇಕು.

ಖರ್ಚಿನ ಮಾತು ಬಹಳವಿಲ್ಲ. 2.74 ಮೀಟರ್ ಉದ್ದ, 1.525 ಮೀಟರ್ ಅಗಲದ ಮೇಜು, ಆಟಗಾರರು ಹಿಂದೆ ಸರಿದು ಹೊಡೆಯಲು ಎಡೆಯಿರುವ ಒಂದು ಸಮುದಾಯ ಭವನ, ನೆರಳು ಬೀಳದಂತೆ ದೀಪ, ಇಷ್ಟಾದರೆ ಆಟ ನಡೆಯುತ್ತದೆ. ಚೆಂಡಿನ ತೂಕ ಕೇವಲ 2.7 ಗ್ರಾಂ ಆದುದರಿಂದ ಫ್ಯಾನ್ ನಿಲ್ಲಿಸಲೇಬೇಕಾಗುತ್ತದೆ; ಸೆಖೆಯಲ್ಲಿ ಕುಳಿತ ಪ್ರೇಕ್ಷಕರು ಅದನ್ನು ಹಾಕಿಸಿ ಎನ್ನುವುದೂ, ಆಟಗಾರರು ಬೇಡವೆನ್ನುವುದೂ ಮೊದಲ ದಿನದಿಂದಲೇ ಇರುತ್ತದೆ. ಇವೆಲ್ಲ ಸುಲಭವಾಗಿ ಬಗೆಹರಿಯತಕ್ಕ ಸಂಗತಿಗಳು. ಲೀಗನ್ನು ಉಳಿಸುವುದೂ ಮುರಿಯುವುದೂ ಬೇರೊಂದು. ಅದು ಆಟಗಾರರ ನಡತೆ.

ಇಂಥದೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ಕೊನೆಯ ಗೇಮ್, ಅಂಕ ಹತ್ತು–ಒಂಬತ್ತು. ಮುಂದಿರುವವನು ಬಲವಾಗಿ ಹೊಡೆದ ಚೆಂಡು ಎದುರಾಳಿಯ ಕಡೆಯ ಮೇಜಿನ ಕೊನೆಯನ್ನು ಸವರಿ ನೆಲಕ್ಕೆ ಬೀಳುತ್ತದೆ. ಮೇಲಂಚಿಗೆ ತಗುಲಿದ್ದರೆ ಅದು ಎಡ್ಜ್, ಹೊಡೆದವನಿಗೆ ಅಂಕ, ಪಂದ್ಯವೂ ಅವನದೇ. ಅಂಚಿನ ಕೆಳಗಿನ ಪಕ್ಕದ ಮುಖಕ್ಕೆ ತಗುಲಿದ್ದರೆ ಅಂಕ ಎದುರಾಳಿಗೆ, ಆಟ ಡ್ಯೂಸ್‌ಗೆ ಮುಂದುವರಿಯುತ್ತದೆ. ಮೇಲಂಚಿಗೆ ತಗುಲಿದ ಚೆಂಡು ಸಾಮಾನ್ಯವಾಗಿ ಮೇಲಕ್ಕೋ ಹೊರಕ್ಕೋ ಚಿಮ್ಮುತ್ತದೆ, ಪಕ್ಕಕ್ಕೆ ತಗುಲಿದ್ದು ಕೆಳಕ್ಕೆ ಜಾರುತ್ತದೆ. ಆದರೆ ಈ ಭೇದ ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿದುಹೋಗುವುದರಿಂದ, ಅದನ್ನು ಖಚಿತವಾಗಿ ಬಲ್ಲವನು ಆ ಅಂಚಿನ ಬಳಿ ನಿಂತ ಆಟಗಾರನೊಬ್ಬನೇ, ಮತ್ತು ನಿಜವನ್ನಾಡಿದರೆ ಆ ಕ್ಷಣವೇ ಪಂದ್ಯ ಕಳೆದುಕೊಳ್ಳುವವನೂ ಅವನೇ. ತರಬೇತಾದ ಅಂಪೈರ್ ಇಲ್ಲದ ಊರಿನ ಭವನದಲ್ಲಿ ಅವನ ಬಾಯಿಂದ ಬರುವ ‘ಎಡ್ಜ್’ ಎಂಬ ಒಂದು ಮಾತಿನ ಮೇಲೆ ಇಡೀ ಆಟದ ಮರ್ಯಾದೆ ನಿಂತಿರುತ್ತದೆ.

ಆ ಮಾತು ಬರುವಂತೆ ಮಾಡುವುದು ಹೇಗೆ? ಉದ್ಘಾಟನೆಯ ದಿನ ಕ್ರೀಡಾಮನೋಭಾವವನ್ನು ಕುರಿತು ಭಾಷಣ ಮಾಡಿಸುವುದರಿಂದ ಬರುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಸೋತವನು ಅಂದೇ ಹೊರಬೀಳುವ ನಾಕೌಟ್ ಪಂದ್ಯಾವಳಿಯಲ್ಲಿ ಎದುರಾಳಿಯ ಮುಖವನ್ನು ಮತ್ತೆ ನೋಡಬೇಕಾದ ಪ್ರಸಂಗವೇ ಬಾರದಿರುವುದರಿಂದ, ಒಂದು ಸುಳ್ಳು ಅಂಕಕ್ಕೆ ತೆರಬೇಕಾದ ಬೆಲೆ ಏನೂ ಇಲ್ಲ. ಲೀಗಿನಲ್ಲಾದರೋ ಇಂದು ನಮ್ಮೂರಿಗೆ ಬಂದವನ ಊರಿಗೆ ಮುಂದಿನ ತಿಂಗಳು ನಾವು ಹೋಗಬೇಕು, ಅವನ ಮೇಜಿನಲ್ಲಿ ಆಡಬೇಕು, ಅವನು ಕೊಟ್ಟ ಚಹಾ ಕುಡಿಯಬೇಕು. ನಡತೆಗೆ ನೆನಪಿನ ಕಾವಲು ಸಿಕ್ಕುವುದು ಹೀಗೆ.

ಇಂಗ್ಲೆಂಡಿನ ಊರೂರ ಲೀಗುಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ ಇಲ್ಲಿ ನಮಗೆ ಉಪಯುಕ್ತವಾದುದು. ಅಲ್ಲಿ ಸಾಮಾನ್ಯವಾಗಿ ಮೂವರ ತಂಡ; ಪ್ರತಿಯೊಬ್ಬನೂ ಎದುರು ತಂಡದ ಮೂವರೊಡನೆಯೂ ಆಡಿ ಒಂಬತ್ತು ಸಿಂಗಲ್ಸ್, ಕೊನೆಗೊಂದು ಡಬಲ್ಸ್, ಹೀಗೆ ಒಂದು ಸಂಜೆಗೆ ಹತ್ತು ಪಂದ್ಯ. ಹಣ ಕೊಟ್ಟು ಕರೆತಂದ ಅಂಪೈರ್ ಇರುವುದಿಲ್ಲ. ತನ್ನ ಸರದಿ ಇಲ್ಲದಾಗ ಆಟಗಾರನೇ ಕುಳಿತು ಅಂಕ ಎಣಿಸುತ್ತಾನೆ. ತನ್ನ ಜೊತೆಗಾರ ಮೇಜಿನ ಒಂದು ಬದಿಯಲ್ಲಿ ನಿಂತಿರುವಾಗ ಅವನ ವಿರುದ್ಧ ಅಂಕವನ್ನು ಗಟ್ಟಿಯಾಗಿ ಘೋಷಿಸಬೇಕಾದ ಆ ಕುರ್ಚಿಯಲ್ಲಿ ಕುಳಿತವನು ಕಲಿಯುವುದನ್ನು ಬ್ಯಾಟ್ ಹಿಡಿದವನು ಕಲಿಯಲಾರ. ನಮ್ಮ ಲೀಗಿನಲ್ಲಿಯೂ ಈ ಸರದಿ ಕಡ್ಡಾಯವಾಗಿರಬೇಕು; ಎಷ್ಟೇ ದೊಡ್ಡ ಆಟಗಾರನಾಗಲಿ, ಮೇಷ್ಟ್ರಾಗಲಿ, ಪಂಚಾಯಿತಿ ಸದಸ್ಯರಾಗಲಿ ಇದರಿಂದ ವಿನಾಯಿತಿ ಇರಕೂಡದು.

ಸರ್ವಿಸ್ ವಿಷಯದಲ್ಲಿ ಇದೇ ಎಚ್ಚರ ಬೇಕು. ಚೆಂಡನ್ನು ಬಿಚ್ಚಿದ ಅಂಗೈಯಿಂದ ಕನಿಷ್ಠ 16 ಸೆಂಟಿಮೀಟರ್ ಮೇಲಕ್ಕೆ ಚಿಮ್ಮಿಸಬೇಕು, ಮೈಯಿಂದ ಮರೆಮಾಡಕೂಡದು ಎಂಬ ನಿಯಮವನ್ನು ಹವ್ಯಾಸಿಗಳಲ್ಲಿ ಬಹುಮಂದಿ ಅರಿಯದೆಯೇ ಮೀರುತ್ತಾರೆ. ಅದಕ್ಕಾಗಿ ಮೊದಲ ದಿನವೇ ಅಂಕ ಕಿತ್ತುಕೊಳ್ಳುವುದು ಅನ್ಯಾಯ. ಸಂಶಯ ಬಂದರೆ ಮೊದಲ ಸಲ ಲೆಟ್ ಕೊಟ್ಟು ಎಚ್ಚರಿಸಬಹುದು, ಮರುಕಳಿಸಿದರೆ ಎದುರಾಳಿಗೆ ಅಂಕ ಕೊಡಬೇಕು ಎಂದು ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ. ಆ ಸೌಮ್ಯ ಕ್ರಮ ನಮಗೂ ತಕ್ಕದ್ದು. ಮೇಜಿಗೆ ಬ್ಯಾಟ್ ಬಡಿಯುವುದು, ಬೈಗುಳ, ಬೇಕೆಂದೇ ಚೆಂಡನ್ನು ಮೂಲೆಗೆಸೆದು ಕಾಲಹರಣ ಮಾಡುವುದು ಇವುಗಳಿಗೆ ಮಾತ್ರ ಸಡಿಲ ಕೊಡಬಾರದು. ಹಳದಿ ಕಾರ್ಡ್, ಆಮೇಲೆ ಅಂಕದ ದಂಡ.

ಗೆಲುವಿನ ಹಟ ಆಟದ ಸಂತೋಷವನ್ನೇ ನುಂಗಿದ ನಿದರ್ಶನ ವಿಶ್ವ ಮಟ್ಟದಲ್ಲಿಯೂ ಉಂಟು. 1936ರ ಪ್ರಾಗ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಎರ್ಲಿಕ್ ಮತ್ತು ಪಾನೆತ್ ಎಂಬಿಬ್ಬರು ಹೊಡೆಯುವ ಸಾಹಸಕ್ಕೆ ಹೋಗದೆ ಚೆಂಡನ್ನು ಬರಿದೆ ಅತ್ತಿತ್ತ ದಾಟಿಸುತ್ತ ನಿಂತದ್ದರಿಂದ, ಮೊದಲ ಒಂದು ಅಂಕ ಮುಗಿಯುವುದಕ್ಕೆ ಎರಡು ಗಂಟೆಗೂ ಮಿಗಿಲಾಗಿ ಹಿಡಿಯಿತು. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ. ಕಾಲಮಿತಿಯ ಕಟ್ಟುನಿಟ್ಟು ಬಂದದ್ದು ಆನಂತರ. ಬರೆದ ನಿಯಮ ಯಾವಾಗಲೂ ನಡತೆಯ ಹಿಂದೆಯೇ ಓಡಿಬರುತ್ತದೆ. ಅದೇ ಆಟದ ವಿಶ್ವ ಸಂಸ್ಥೆ, ನಾಲ್ಕು ಬಾರಿ ಸಿಂಗಲ್ಸ್ ವಿಶ್ವ ಪಟ್ಟ ಗೆದ್ದ ರಿಚರ್ಡ್ ಬರ್ಗ್‌ಮನ್ ಹೆಸರಿನಲ್ಲಿ ಸದ್ವರ್ತನೆಗಾಗಿ ಪ್ರತ್ಯೇಕ ಪಾರಿತೋಷಕವನ್ನಿಟ್ಟಿರುವುದು ನಮ್ಮ ಸಂಘಟಕರು ಅನುಸರಿಸಬೇಕಾದ ಮೇಲ್ಪಂಕ್ತಿ. ನಮ್ಮಲ್ಲಿ ಅದಕ್ಕೆ ಅರ್ಹರನ್ನು ಆಯಾ ಎದುರು ತಂಡಗಳ ಮತದಿಂದಲೇ ಆರಿಸುವುದು ಲೇಸು.

ಈ ಸೀಮೆಗೇ ವಿಶಿಷ್ಟವಾದ ಒಂದು ತೊಡಕನ್ನು ಹೇಳದೆ ಬಿಡಲಾಗದು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಇಟ್ಟ ಮನೆಯವನು ಶಾಖ ಏರದಂತೆ, ಇಳಿಯದಂತೆ ಹಗಲಿರುಳು ಕಾಯಬೇಕು. ಅಂಥವನು ಪಂದ್ಯಕ್ಕೆ ಬರಲಿಲ್ಲವೆಂದು ಎದುರು ತಂಡಕ್ಕೆ ವಾಕ್‌ಓವರ್ ಕೊಡುವುದು ನ್ಯಾಯವಲ್ಲ. ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿದವನಿಗೆ ಬೇರೆ ದಿನ ಗೊತ್ತುಮಾಡಬೇಕು. ತಿಳಿಸದೆಯೇ ತಪ್ಪಿಸಿಕೊಂಡು, ಹೆಗ್ಗಡದೇವನಕೋಟೆಯಿಂದ ಎರಡು ಬಸ್ಸು ಬದಲಾಯಿಸಿ ಬಂದ ಮೂವರನ್ನು ಬೀಗ ಹಾಕಿದ ಭವನದ ಮುಂದೆ ನಿಲ್ಲಿಸುವುದು ಮೇಜಿನ ಮೇಲಿನ ಯಾವ ಮೋಸಕ್ಕಿಂತಲೂ ದೊಡ್ಡ ಅಪರಾಧವೆಂದು ನಾನು ಎಣಿಸುತ್ತೇನೆ. ಸೊಪ್ಪು ಬೇಯಿಸುವ ತಿಂಗಳುಗಳನ್ನೂ ಭತ್ತದ ಕೊಯ್ಲನ್ನೂ ಬಿಟ್ಟು ಸಂಕ್ರಾಂತಿಯ ತರುವಾಯ ಲೀಗನ್ನು ಆರಂಭಿಸಿದರೆ ಈ ಕಷ್ಟ ಬಹುಪಾಲು ಪರಿಹಾರವಾಗುತ್ತದೆ; ಪರೀಕ್ಷೆಗೆ ಕೂತ ಮಕ್ಕಳಿಗೆ ಬದಲಿ ಆಟಗಾರರನ್ನು ಮೊದಲೇ ಹೆಸರಿಸಿಡಬಹುದು.

ಸಂಘಟಕರ ನಡತೆಗೂ ಒಂದು ಕಟ್ಟು ಬೇಕು. ಊರಿನಲ್ಲಿ ಲೀಗ್ ನಡೆಸುವವನು ಸಾಮಾನ್ಯವಾಗಿ ತಾನೂ ಆಡುತ್ತಾನೆ, ಅವನ ತಮ್ಮನೋ ಮಗನೋ ಶಿಷ್ಯನೋ ಆಡುತ್ತಾನೆ. ಆದ್ದರಿಂದ ದೂರು ಬಂದಾಗ, ಆ ಪಂದ್ಯಕ್ಕೆ ಸಂಬಂಧಪಡದ ತಂಡಗಳ ನಾಯಕರು ಮಾತ್ರ ಕುಳಿತು ತೀರ್ಮಾನ ಹೇಳಬೇಕು, ಅದೂ ಮುಂದಿನ ಪಂದ್ಯಕ್ಕೆ ಮೊದಲು, ಬರಹದಲ್ಲಿ.

ನಾಲ್ಕು ತಾಲ್ಲೂಕು ಕೇಂದ್ರಗಳಿಂದ ಒಂದೊಂದು, ರಾವಂದೂರಿನಿಂದ ಒಂದು, ಹೀಗೆ ಐದು ತಂಡಗಳಾದರೂ ಮೊದಲ ವರ್ಷಕ್ಕೆ ಸಾಕು. ತನ್ನೂರಿನಲ್ಲೊಮ್ಮೆ, ಪರಊರಿನಲ್ಲೊಮ್ಮೆ ಎಂದರೆ ಪ್ರತಿ ತಂಡಕ್ಕೆ ಎಂಟು ಮುಖಾಮುಖಿ, ಒಟ್ಟು ಇಪ್ಪತ್ತು. ವಾರಕ್ಕೆ ಎರಡರಂತೆ ಹತ್ತು ವಾರಗಳಲ್ಲಿ ಮುಗಿಯುತ್ತದೆ. ಐದು ಬೆಸಸಂಖ್ಯೆಯಾದ್ದರಿಂದ ವಾರಕ್ಕೊಂದು ತಂಡ ಬಿಡುವಾಗಿರುತ್ತದೆ. ಆ ತಂಡದ ಒಬ್ಬೊಬ್ಬರು ಆ ವಾರದ ಎರಡು ಊರುಗಳಿಗೂ ಹೋಗಿ, ಕೊನೆಯ ಪಂದ್ಯಗಳಿಗಾದರೂ ಅಂಕದ ಕುರ್ಚಿಯಲ್ಲಿ ಕುಳಿತುಕೊಳ್ಳಲಿ. ಪ್ರವೇಶ ಶುಲ್ಕದಿಂದ ಕೂಡಿದ ಹಣದಲ್ಲಿ ಮೊದಲು ತೆಗೆದಿಡಬೇಕಾದದ್ದು ಅವರ ಬಸ್ ಚಾರ್ಜು. ಕಪ್ಪು ಕೊಳ್ಳುವ ಯೋಚನೆ ಆಮೇಲೆ.